ಪೆಂಡೆರೆಟ್ಸ್ಕಿ: 1960ರಲ್ಲಿ ಚೀರಾಟ, 1980ರಲ್ಲಿ ಕ್ರಿಸ್ಮಸ್ ಹಾಡು. ಬೆಳೆದದ್ದಾ, ಹಿಂದೆ ಸರಿದದ್ದಾ?

ರಾತ್ರಿಪಾಳಿ
ಪೋಲೆಂಡಿನ ಸಂಯೋಜಕ ಕ್ಶಿಶ್ತೋಫ್ ಪೆಂಡೆರೆಟ್ಸ್ಕಿಯನ್ನು ಕೇಳಿದವರು ಇಲ್ಲಿ ಯಾರಾದರೂ ಇದ್ದೀರಾ? ಈ ವೇದಿಕೆಯಲ್ಲಿ ಪಾಶ್ಚಾತ್ಯ ಸಂಗೀತದ ಮಾತು ಬಂದರೆ ಬಾಖ್, ಬೀಥೋವನ್ ದಾಟಿ ಹೋಗುವುದೇ ಕಡಿಮೆ. ಆದರೂ ಕೇಳಿಬಿಡೋಣ ಅಂತ.

"ದಿ ಶೈನಿಂಗ್" ಸಿನಿಮಾ ನೋಡಿ ಇವರ ಬೆನ್ನು ಹತ್ತಿದೆ. ಆ ಸಿನಿಮಾದಲ್ಲಿ ಬರುವ "ಹಿರೋಶಿಮಾದ ಬಲಿಪಶುಗಳಿಗೆ ಶೋಕಗೀತೆ" ಹುಡುಕಿ ಪೂರ್ತಿ ಕೇಳಿದೆ. 1960ರದ್ದು. ಬರೀ ತಂತಿವಾದ್ಯ, ಎಂಟೂವರೆ ನಿಮಿಷ. ರಾಗವೂ ಇಲ್ಲ, ಲಯವೂ ಇಲ್ಲ. ಮೈ ಜುಮ್ ಅಂದಿತು.

ಆಮೇಲೆ ಇವರದೇ ಎರಡನೇ ಸಿಂಫನಿ ಹಾಕಿದೆ, 1980ರದ್ದು. "ಕ್ರಿಸ್ಮಸ್ ಸಿಂಫನಿ" ಅಂತಲೂ ಕರೆಯುತ್ತಾರೆ. ಅದರಲ್ಲಿ "ಸೈಲೆಂಟ್ ನೈಟ್" ಹಾಡಿನ ಮೊದಲ ಸ್ವರಗಳು ಇಣುಕುತ್ತವೆ! ಉಳಿದದ್ದೆಲ್ಲ 19ನೇ ಶತಮಾನದ ಯಾರೋ ಜರ್ಮನಿಯವರು ಬರೆದ ಹಾಗೆ ದಪ್ಪ ದಪ್ಪ, ಗಂಭೀರ.

ಇಪ್ಪತ್ತು ವರ್ಷದಲ್ಲಿ ಒಬ್ಬ ಮನುಷ್ಯ ಇಷ್ಟು ತಿರುಗಿಬಿಡುವುದು ಹೇಗೆ? ಧೈರ್ಯ ಕಡಿಮೆ ಆಯಿತಾ? ದುಡ್ಡಿಗಾ? ಗೊತ್ತಿದ್ದವರು ಹೇಳಿ.

ಕಾಫಿಪುಡಿ
ವಯಸ್ಸಾಯಿತು, ಅಷ್ಟೇ ಗುರು. ಇಪ್ಪತ್ತೇಳಕ್ಕೆ ಕಿರುಚುತ್ತಾರೆ, ನಲವತ್ತೇಳಕ್ಕೆ ಭಜನೆಗೆ ಕೂರುತ್ತಾರೆ.

ರೀಲ್_ನಂಬರ್_ಎರಡು
"ಶೈನಿಂಗ್"ನಲ್ಲಿ ಶೋಕಗೀತೆ ಇಲ್ಲ ಸ್ವಾಮಿ. ಎಲ್ಲರೂ ಹೀಗೇ ಹೇಳುತ್ತಾರೆ. ಅದರಲ್ಲಿ ಇರುವುದು "ಪಾಲಿಮಾರ್ಫಿಯಾ", "ದೆ ನತೂರಾ ಸೊನೋರಿಸ್" ಒಂದು ಮತ್ತು ಎರಡು, "ಉತ್ರೆನ್ಯಾ", "ಯಾಕೋಬನ ಎಚ್ಚರ". ಎಲ್ಲವೂ ಪೆಂಡೆರೆಟ್ಸ್ಕಿಯವೇ. "ದಿ ಎಕ್ಸಾರ್ಸಿಸ್ಟ್"ನಲ್ಲೂ "ಪಾಲಿಮಾರ್ಫಿಯಾ" ಇದೆ. ಶೋಕಗೀತೆ ಬೇಕಿದ್ದರೆ 2017ರ "ಟ್ವಿನ್ ಪೀಕ್ಸ್" ಸರಣಿಯ ಎಂಟನೇ ಕಂತು ನೋಡಿ. 1945ರ ಮೊದಲ ಅಣುಬಾಂಬ್ ಪರೀಕ್ಷೆಯ ದೃಶ್ಯ. ಕ್ಯಾಮೆರಾ ನಿಧಾನಕ್ಕೆ ಅಣಬೆ ಮೋಡದೊಳಗೇ ಹೋಗುತ್ತದೆ, ಹಿಂದೆ ಇದೇ ಸಂಗೀತ.

ರಾತ್ರಿಪಾಳಿ
ಓ, ಹಾಗಾದರೆ ಸಿನಿಮಾದಲ್ಲಿ ಕೇಳಿದ್ದು "ಪಾಲಿಮಾರ್ಫಿಯಾ" ಇರಬೇಕು. ಥ್ಯಾಂಕ್ಸ್. ಪ್ರಶ್ನೆ ಮಾತ್ರ ಹಾಗೇ ಇದೆ.

ಹಳೇಗ್ರಾಮಫೋನ್
ಸ್ವಲ್ಪ ಹಿಂದಿನಿಂದ ಹೇಳಿದರೆ ಅರ್ಥವಾಗುತ್ತದೆ. ತಾಳ್ಮೆಯಿಂದ ಓದಿ.

ಹುಟ್ಟಿದ್ದು 1933ರ ನವೆಂಬರ್ 23, ದಕ್ಷಿಣ ಪೋಲೆಂಡಿನ ದೆಂಬಿತ್ಸಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ವಕೀಲರು, ಮನೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಹುಡುಗನಿಗೆ ಐದಾರು ವರ್ಷ ಆಗುವಷ್ಟರಲ್ಲಿ ಯುದ್ಧ ಬಂತು. ನಾಜಿಗಳು ಆ ಊರಿನಲ್ಲೇ ಯಹೂದಿಗಳನ್ನು ಗೆಟ್ಟೊದಲ್ಲಿ ಕೂಡಿಹಾಕಿ ಸಾಗಿಸಿದರು. ಮುಂದೆ ಇವರು ಬರೆದ ಎಷ್ಟೋ ಕೃತಿಗಳ ಬೇರು ಅಲ್ಲಿದೆ. 1967ರಲ್ಲಿ ಆಶ್ವಿಟ್ಜ್‌ನಲ್ಲಿ ಸತ್ತವರಿಗಾಗಿ "ದೀಯೆಸ್ ಈರೆ" ಬರೆದರು. 2009ರಲ್ಲಿ ವುಜ್ ನಗರದ ಗೆಟ್ಟೊದವರ ನೆನಪಿಗೆ "ಕದ್ದಿಶ್".

ಯುದ್ಧ ಮುಗಿದ ಮೇಲೆ ಇನ್ನೊಂದು ಕಟ್ಟು. ಸಂಗೀತ ಜನರಿಗೆ ಅರ್ಥವಾಗಬೇಕು, ಸಮಾಜವಾದ ಸಾರಬೇಕು ಅಂತ ಸರ್ಕಾರದ ಅಪ್ಪಣೆ. 1953ರಲ್ಲಿ ಸ್ಟಾಲಿನ್ ಸತ್ತ. 1956ರಲ್ಲಿ ಪೋಲೆಂಡಿನಲ್ಲಿ ಬಿಗಿ ಸ್ವಲ್ಪ ಸಡಿಲವಾಯಿತು. ಅದೇ ವರ್ಷ "ವಾರ್ಸಾ ಶರತ್ಕಾಲ" ಸಂಗೀತೋತ್ಸವ ಶುರುವಾಯಿತು. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡಿದ್ದ ದೇಶಕ್ಕೆ ಪಶ್ಚಿಮದ ಹೊಸ ಸಂಗೀತವೆಲ್ಲ ಒಟ್ಟಿಗೇ ನುಗ್ಗಿತು. ಕ್ರಾಕೋವ್‌ನಲ್ಲಿ ಓದುತ್ತಿದ್ದ ಹುಡುಗರಿಗೆ ಅದು ಎಷ್ಟು ದೊಡ್ಡ ಸಂಗತಿ ಅಂತ ಯೋಚನೆ ಮಾಡಿ. ಆಗ ಕರ್ಕಶವಾಗಿ ಬರೆಯುವುದೂ ಒಂದು ರಾಜಕೀಯವೇ ಆಗಿತ್ತು. "ನಿಮ್ಮ ಅಪ್ಪಣೆಯ ಸಂಗೀತ ಬರೆಯಲ್ಲ" ಅಂತ ಬಾಯಿ ಬಿಡದೇ ಹೇಳಿದ ಹಾಗೆ.

ಇನ್ನು 1959ರ ಸ್ಪರ್ಧೆಯ ಕಥೆ ಹೇಳದಿದ್ದರೆ ಆಗಲ್ಲ. ಪೋಲಿಷ್ ಸಂಯೋಜಕರ ಸಂಘ ಯುವಕರಿಗೆ ಒಂದು ಸ್ಪರ್ಧೆ ಇಟ್ಟಿತ್ತು. ಹೆಸರು ಹಾಕದೇ ಕೃತಿ ಕಳಿಸಬೇಕು. ಈ ಮನುಷ್ಯ ಮೂರು ಕಳಿಸಿದ. ಅಕ್ಷರ ನೋಡಿ ಒಬ್ಬನೇ ಅಂತ ಗೊತ್ತಾಗಬಾರದಲ್ಲ? ಒಂದನ್ನು ಬಲಗೈಯಲ್ಲಿ ಬರೆದ, ಒಂದನ್ನು ಎಡಗೈಯಲ್ಲಿ, ಇನ್ನೊಂದನ್ನು ಗೆಳೆಯನ ಕೈಯಲ್ಲಿ ನಕಲು ಮಾಡಿಸಿದ. ಲಕೋಟೆ ತೆರೆದರೆ ಮೊದಲ ಬಹುಮಾನವೂ ಇವನಿಗೇ, ಎರಡು ಎರಡನೇ ಬಹುಮಾನಗಳೂ ಇವನಿಗೇ! "ಸ್ಟ್ರೋಫ್‌ಗಳು", "ಎಮನೇಷನ್‌ಗಳು", "ದಾವೀದನ ಕೀರ್ತನೆಗಳು". ವಿದೇಶ ನೋಡುವ ಅವಕಾಶವೂ ಸಿಕ್ಕಿತು.

ಕಾಫಿಪುಡಿ
ಇವನು ಸಂಗೀತಗಾರ ಅಲ್ಲ, ಕೆಪಿಎಸ್‌ಸಿ ಬರೆಯಬೇಕಿತ್ತು.

ನಿಂಬೆಹುಳಿ
ಹ್ಹ ಹ್ಹ. ಆದರೆ ಆ ಮೂರರಲ್ಲಿ ಒಂದು ಬೈಬಲ್ ಕೀರ್ತನೆ ಅನ್ನುವುದು ಗಮನಿಸಿ. ದೇವರು 1980ರಲ್ಲಿ ಹೊಸದಾಗಿ ಬಂದದ್ದಲ್ಲ.

ಕೆಂಪುಪೆನ್ನು
ಶೋಕಗೀತೆ ಬಗ್ಗೆ ಯಾರೂ ಹೇಳದ ಒಂದು ವಿಷಯ ನಾನು ಹೇಳುತ್ತೇನೆ. ಬರೆಯುವಾಗ ಹಿರೋಶಿಮಾ ತಲೆಯಲ್ಲೇ ಇರಲಿಲ್ಲ. ಮೊದಲ ಹೆಸರು "8 ನಿಮಿಷ 37 ಸೆಕೆಂಡ್". ಬರೀ ಹೊತ್ತು! ಅಮೆರಿಕದ ಸಂಯೋಜಕ ಜಾನ್ ಕೇಜ್ ಹೀಗೇ ಹೆಸರಿಡುತ್ತಿದ್ದ, ಅದರ ಧಾಟಿ. ಹಿರೋಶಿಮಾ ಹೆಸರು ಆಮೇಲೆ ಅಂಟಿಸಿದ್ದು. 1961ರಲ್ಲಿ ಯುನೆಸ್ಕೋ ಪ್ರಶಸ್ತಿಯೂ ಬಂತು. ಅಲ್ಲಿಗೆ ನಿಮ್ಮ ಮಹಾನ್ ಕ್ರಾಂತಿಕಾರಿಗೆ ಮಾರ್ಕೆಟಿಂಗ್ ಮೊದಲಿನಿಂದಲೂ ಗೊತ್ತಿತ್ತು. ಆಮೇಲೆ "ಸೈಲೆಂಟ್ ನೈಟ್" ಬಂದರೆ ಯಾಕೆ ಆಶ್ಚರ್ಯ?

ರಾತ್ರಿಪಾಳಿ
ಇದು ನಿಜವಾ?! ಕೇಳುವಾಗ ನನಗೆ ವಿಮಾನ, ಸೈರನ್ ಎಲ್ಲ ಕಂಡಿತ್ತು...

ಹಳೇಗ್ರಾಮಫೋನ್
ಹೆಸರು ಆಮೇಲೆ ಬಂದದ್ದು ನಿಜ. "ಅಂಟಿಸಿದ್ದು" ಅನ್ನುವುದನ್ನು ಒಪ್ಪಲ್ಲ. ವಾದ್ಯಗಾರರು ನುಡಿಸಿದ್ದನ್ನು ಕೇಳಿದ ಮೇಲೆ ಅದರ ಭಾರ ಏನು ಅಂತ ತನಗೇ ಗೊತ್ತಾಯಿತು, ಆಗ ಹೆಸರು ಹುಡುಕಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕವಿತೆ ಬರೆದು ಆಮೇಲೆ ಶೀರ್ಷಿಕೆ ಇಡುವವರು ಎಷ್ಟು ಜನ ಇಲ್ಲ?

ಕೆಂಪುಪೆನ್ನು
ಕವಿತೆಯ ಶೀರ್ಷಿಕೆಗೆ ಲಕ್ಷ ಜನ ಸತ್ತ ಊರಿನ ಹೆಸರು ಇಟ್ಟರೆ ಅದು ಬೇರೆ ಲೆಕ್ಕ ಸರ್.

ನಿಂಬೆಹುಳಿ
ಇದರಲ್ಲಿ ನಾನು ಕೆಂಪುಪೆನ್ನು ಕಡೆ. "8 ನಿಮಿಷ 37 ಸೆಕೆಂಡ್" ಅಂತಲೇ ಉಳಿದಿದ್ದರೆ ಇಷ್ಟು ಜನ ಕೇಳುತ್ತಿದ್ದರಾ? ಹೆಸರು ಇಲ್ಲದಿದ್ದರೆ ರಾತ್ರಿಪಾಳಿಗೆ ವಿಮಾನ ಕಾಣುತ್ತಿತ್ತಾ?

ಕಮಾನುಕಡ್ಡಿ
ನಾನು ಪಿಟೀಲು ಕಲಿತವಳು, ಕರ್ನಾಟಕ ಪದ್ಧತಿ. ಈ ಕೃತಿಯ ಸ್ಕೋರ್, ಅಂದರೆ ಬರೆದ ಸ್ವರಲಿಪಿ, ನೋಡಿದ್ದೇನೆ. "ಬರೀ ಚೀರಾಟ" ಅನ್ನುವವರಿಗೆ ಒಂದೆರಡು ವಿವರ.

ಮೊದಲ ಪುಟ ತೆರೆದರೆ ಮಾಮೂಲಿ ಸ್ವರಗಳೇ ಇಲ್ಲ. ಗೆರೆಗಳ ಮೇಲೆ ಸಣ್ಣ ಸಣ್ಣ ಕಪ್ಪು ತ್ರಿಕೋನ. ಅದರ ಅರ್ಥ, ನಿನ್ನ ವಾದ್ಯದಲ್ಲಿ ಹೋಗಲು ಆಗುವಷ್ಟು ಮೇಲಿನ ಸ್ವರ ನುಡಿಸು ಅಂತ. ಯಾವ ಸ್ವರ ಅಂತ ಹೇಳಿಲ್ಲ. 24 ಪಿಟೀಲು, 10 ವಿಯೋಲಾ, 10 ಚೆಲ್ಲೊ, 8 ಡಬಲ್ ಬೇಸ್. ಪ್ರತಿಯೊಬ್ಬರೂ ಒಂದೊಂದು ಕಡೆ ಹತ್ತಿ ನಿಲ್ಲುತ್ತಾರೆ. ನಿಮಗೆ ಸೈರನ್ ಹಾಗೆ ಕೇಳಿಸಿದ್ದು ಇದೇ.

ಸ್ವಲ್ಪ ಹೊತ್ತಿಗೆ ಇನ್ನೊಂದು ಥರದ ಗುರುತುಗಳು ಬರುತ್ತವೆ. ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಈಚೆ ಅಲ್ಲ, ಆಚೆ, ತಂತಿ ಕಟ್ಟಿರುವ ಕಡೆ ಕಮಾನು ಎಳೆಯಬೇಕು. ಅಲ್ಲಿ ಎಳೆದರೆ ಕೀಚು ದನಿ ಬರುತ್ತದೆ. ಮನೆಯಲ್ಲಿ ನಾನು ಹಾಗೆ ಎಳೆದಿದ್ದರೆ ಮೇಷ್ಟ್ರು ತಲೆಗೆ ಮೊಟಕುತ್ತಿದ್ದರು. ಆಮೇಲೆ ಬೆರಳ ತುದಿಯಿಂದ ಪಿಟೀಲಿನ ಮೈ ತಟ್ಟಬೇಕು. ಇಂಥ ಕೆಲಸಗಳನ್ನು ಒಂದೊಂದು ಗುಂಪಿಗೆ ಒಂದೊಂದು ಕ್ರಮದಲ್ಲಿ ಹಂಚಿದ್ದಾರೆ. ಮಾತ್ರೆ, ಆವರ್ತ ಅಂತ ಲೆಕ್ಕ ಇಲ್ಲ. ಪುಟದ ಕೆಳಗೆ ಸೆಕೆಂಡ್ ಬರೆದಿರುತ್ತದೆ.

ಆಮೇಲೆ ಕಾಲು ಸ್ವರ. ಷಡ್ಜಕ್ಕೂ ಶುದ್ಧ ರಿಷಭಕ್ಕೂ ನಡುವೆ ಇನ್ನೊಂದು ಮನೆ ಇದೆ ಅಂದುಕೊಳ್ಳಿ. ಹಾಗೆ ಪಕ್ಕ ಪಕ್ಕದ ಮನೆಗಳನ್ನೆಲ್ಲ ಒಟ್ಟಿಗೆ ತುಂಬಿಸುತ್ತಾರೆ. ಸ್ಕೋರ್‌ನಲ್ಲಿ ಅದು ದಪ್ಪ ಕಪ್ಪು ಪಟ್ಟೆ. ಪಟ್ಟೆ ಅಗಲವಾದರೆ ಸ್ವರಗಳು ಹರಡುತ್ತವೆ, ಕಿರಿದಾದರೆ ಒಂದಕ್ಕೇ ಬಂದು ಸೇರುತ್ತವೆ. ಕೊನೆಗೆ 52 ಜನ 52 ಬೇರೆ ಸ್ವರ ಹಿಡಿದು 30 ಸೆಕೆಂಡ್ ನಿಲ್ಲುತ್ತಾರೆ. ತುಂಬ ಜೋರಿನಿಂದ ಶುರುವಾಗಿ ಕೇಳಿಸದಷ್ಟು ಮೆಲ್ಲಗೆ ಆಗುವವರೆಗೆ.

ಇದು ಸುಮ್ನೆ ಗಲಾಟೆ ಅಲ್ಲ. ಕೂತು ಅಳೆದು ಬರೆದದ್ದು.

ರೀಲ್_ನಂಬರ್_ಎರಡು
ಸೂಪರ್ ಮೇಡಂ. ಇದಕ್ಕೆ ಒಂದು ಸೇರಿಸುತ್ತೇನೆ. ಆ ದನಿಗಳ ಕಲ್ಪನೆ ಬಂದದ್ದರಲ್ಲಿ ಪೋಲಿಷ್ ರೇಡಿಯೋದ ಪ್ರಯೋಗ ಸ್ಟುಡಿಯೋ ಪಾಲು ದೊಡ್ಡದು. 1957ರಲ್ಲಿ ವಾರ್ಸಾದಲ್ಲಿ ಶುರುವಾಯಿತು. ಟೇಪ್ ಕತ್ತರಿಸಿ, ತಿರುಗಿಸಿ, ಎಲೆಕ್ಟ್ರಾನಿಕ್ ದನಿ ಕೂಡಿಸುವ ಜಾಗ. ಅಲ್ಲಿ ಕೇಳಿದ್ದನ್ನು ಪೆಂಡೆರೆಟ್ಸ್ಕಿ ಮರದ ವಾದ್ಯಗಳಿಂದ ತೆಗೆಸಿದರು. 1962ರ "ಫ್ಲೋರೆಸೆನ್ಸಸ್"ನಲ್ಲಿ ಟೈಪ್‌ರೈಟರ್, ಗರಗಸ, ಸೈರನ್ ಕೂಡ ಆರ್ಕೆಸ್ಟ್ರಾದಲ್ಲಿ ಕೂತಿವೆ.

ಕಾಫಿಪುಡಿ
ಗರಗಸ ಸಂಗೀತ ಆದರೆ ನಮ್ಮ ಬೀದಿ ಕೊನೆಯ ಸಾಮಿಲ್‌ಗೆ ಯುನೆಸ್ಕೋದವರನ್ನು ಕರೆಸಿ.

ಹಳೇಗ್ರಾಮಫೋನ್
"ಪಾಲಿಮಾರ್ಫಿಯಾ" ಹುಟ್ಟಿದ ರೀತಿ ಇನ್ನೂ ವಿಚಿತ್ರ. ಕ್ರಾಕೋವ್‌ನ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗೆ ಶೋಕಗೀತೆಯ ರೆಕಾರ್ಡಿಂಗ್ ಕೇಳಿಸಿದರು. ಕೇಳುವಾಗ ಅವರ ಮಿದುಳಿನ ಇಇಜಿ ತೆಗೆದರು. ಕಾಗದದ ಮೇಲೆ ಬಂದ ಆ ಏರಿಳಿತದ ಗೆರೆಗಳನ್ನೇ ಇಟ್ಟುಕೊಂಡು ಈ ಕೃತಿಯ ಸ್ವರರೇಖೆ ಬರೆದರು. 48 ತಂತಿವಾದ್ಯ, 1961. ಆದರೆ ಕೊನೆಗೆ ಏನಾಗುತ್ತದೆ ಗೊತ್ತಾ? ಹತ್ತು ನಿಮಿಷದ ಈ ಭೀಕರ ಎಲ್ಲ ಮುಗಿದು, ಇದ್ದಕ್ಕಿದ್ದ ಹಾಗೆ ಶುದ್ಧ ಸಿ ಮೇಜರ್. ಪಾಶ್ಚಾತ್ಯ ಸಂಗೀತ ಕಲಿಯುವ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವ ಸ್ವರಮೇಳ!

ನಿಂಬೆಹುಳಿ
ಇದೇ ನನ್ನ ಪಾಯಿಂಟ್. 1961ರಲ್ಲೇ ಸಿ ಮೇಜರ್. 1962ರ "ಸ್ತಾಬತ್ ಮಾತೆರ್" ಡಿ ಮೇಜರ್‌ನಲ್ಲಿ ಮುಗಿಯುತ್ತದೆ. 1966ರ "ಸಂತ ಲೂಕನ ಪ್ಯಾಶನ್" (ಯೇಸುವಿನ ಯಾತನೆ, ಮರಣದ ಕಥೆ) ಇ ಮೇಜರ್‌ನಲ್ಲಿ. ಪ್ಯಾಶನ್ ಒಳಗೆ ಬಾಖ್ ಹೆಸರಿನ ನಾಲ್ಕು ಅಕ್ಷರಗಳನ್ನೇ ಸ್ವರ ಮಾಡಿ ಹೆಣೆದಿದ್ದಾರೆ. ಶೋಕಗೀತೆಯ ನಡುವೆಯೂ 36 ಎಳೆಗಳ ಒಂದು ಕ್ಯಾನನ್ ಇದೆ. ಒಬ್ಬರು ನುಡಿಸಿದ್ದನ್ನು ಇನ್ನೊಬ್ಬರು ಹಿಂದಿನಿಂದ ಹಿಡಿಯುವ, ಐನೂರು ವರ್ಷ ಹಳೆಯ ಕಸುಬು ಅದು. ಈ ಮನುಷ್ಯ 1976ರ ಸುಮಾರಿಗೆ ಶೈಲಿ ಬದಲಿಸಿದ ಅನ್ನುವುದು ಸೋಮಾರಿ ಮಾತು. ಮೊದಲಿನಿಂದಲೂ ಎರಡೂ ಕೈಯಲ್ಲಿ ಬರೆಯುತ್ತಿದ್ದ.

ಕಾಫಿಪುಡಿ
ಎರಡೂ ಕೈ... ಸೂಪರ್ ಹೊಡೆದಿರಿ.

ಕೆಂಪುಪೆನ್ನು
ಕೊನೆಯ ಒಂದು ಸ್ವರಮೇಳ ಹಿಡಿದು "ಮೊದಲಿನಿಂದಲೂ ಹೀಗೇ" ಅನ್ನುವುದು ವಕೀಲಿ ವಾದ. "ಪಾಲಿಮಾರ್ಫಿಯಾ"ದಲ್ಲಿ ಸಿ ಮೇಜರ್ ಹೊಡೆಯುವುದು ಯಾಕೆ? ಹತ್ತು ನಿಮಿಷ ಅದರ ವಿರುದ್ಧ ಎಲ್ಲ ನಡೆದಿರುವುದರಿಂದ. 1976ರ ಮೊದಲ ಪಿಟೀಲು ಕನ್ಚೆರ್ಟೋ (ಒಂಟಿ ಪಿಟೀಲು, ಜೊತೆಗೆ ಆರ್ಕೆಸ್ಟ್ರಾ) ಕೇಳಿ. ನಲವತ್ತು ನಿಮಿಷ. ಐಸಾಕ್ ಸ್ಟರ್ನ್ ನುಡಿಸಿದ್ದು. ನಿಟ್ಟುಸಿರು, ನಿಟ್ಟುಸಿರು, ಇನ್ನೊಂದು ನಿಟ್ಟುಸಿರು. ಎದುರು ನಿಲ್ಲುವುದು ಏನೂ ಇಲ್ಲ. 1960ರಲ್ಲಿ ಈ ಮನುಷ್ಯ ಬರೆದ ಒಂದು ಪುಟ ನೋಡಿದರೂ ಇದು ಇವನದೇ ಅಂತ ಹೇಳಬಹುದಿತ್ತು. 1980ರ ಪುಟ ತೋರಿಸಿದರೆ 19ನೇ ಶತಮಾನದ ಆಸ್ಟ್ರಿಯಾದ ಸಂಯೋಜಕ ಬ್ರೂಕ್ನರ್ ಶಿಷ್ಯ ಅಂದುಕೊಳ್ಳುತ್ತೇವೆ. ನಷ್ಟ ಅಲ್ವಾ ಅದು?

ಕಮಾನುಕಡ್ಡಿ
ಕನ್ಚೆರ್ಟೋ ಉದ್ದ ಜಾಸ್ತಿ ಆಯಿತು, ಒಪ್ಪುತ್ತೇನೆ. ಆದರೆ ಅದರಲ್ಲಿ ಪಿಟೀಲು ಕೆಳಗಿಳಿಯುವ ಆ ಅರ್ಧ ಸ್ವರದ ನರಳಿಕೆ ಇದೆಯಲ್ಲ, ಅದು ಶೋಕಗೀತೆಯ ಪಟ್ಟೆಗಳನ್ನೇ ಬಿಡಿಸಿ ಒಂದೊಂದೇ ಎಳೆ ಮಾಡಿದ ಹಾಗೆ ನನಗೆ ಕೇಳಿಸುತ್ತದೆ. ಎರಡನೇ ಕನ್ಚೆರ್ಟೋ ಕೇಳಿದ್ದೀರಾ? 1995, ಪಿಟೀಲುಗಾರ್ತಿ ಆನ್ನೆ-ಸೋಫಿ ಮುಟರ್‌ಗೆ ಬರೆದದ್ದು. ಅದು ಬೇರೆ ಮಟ್ಟ.

ಟ್ರ್ಯಾಮ್_ನಂಬರ್_ಎಂಟು
ನಾನು ಕೆಲಸಕ್ಕೆ ಅಂತ ಕ್ರಾಕೋವ್‌ಗೆ ಬಂದು ಇಲ್ಲೇ ಇದ್ದೇನೆ. ಇಲ್ಲಿ ನಮ್ಮ ಕಡೆಯ ಐಟಿಯವರು ಬೇಕಾದಷ್ಟು ಇದ್ದಾರೆ. ಹೆಚ್ಚಿನವರಿಗೆ ಪೆಂಡೆರೆಟ್ಸ್ಕಿ ಯಾರು ಅಂತ ಗೊತ್ತಿಲ್ಲ, ನನಗೂ ಮೊದಲು ಗೊತ್ತಿರಲಿಲ್ಲ. ಇಲ್ಲಿಯ ಸಂಗೀತ ಅಕಾಡೆಮಿಗೆ ಈಗ ಅವರದೇ ಹೆಸರು. 1972ರಿಂದ 1987ರವರೆಗೆ ಅವರೇ ಅಲ್ಲಿ ರೆಕ್ಟರ್, ಅಂದರೆ ಮುಖ್ಯಸ್ಥರು.

ಗ್ರೋಜ್ಕಾ ಬೀದಿಯಲ್ಲಿ ಸಂತ ಪೀಟರ್ ಮತ್ತು ಪೌಲ್ ಚರ್ಚ್ ಇದೆ, ಎದುರಿಗೆ ಹನ್ನೆರಡು ಜನ ಅಪೊಸ್ತಲರ ಪ್ರತಿಮೆ ನಿಂತಿವೆ. ಅದರ ನೆಲಮಾಳಿಗೆಯಲ್ಲಿ ಅವರ ಸಮಾಧಿ. ತೀರಿಕೊಂಡದ್ದು 2020ರ ಮಾರ್ಚ್ 29. ಲಾಕ್‌ಡೌನ್ ಹೊತ್ತು, ಸುದ್ದಿಯೇ ಮುಚ್ಚಿಹೋಯಿತು. ಅಧಿಕೃತ ಅಂತ್ಯಕ್ರಿಯೆ ನಡೆದದ್ದು ಸರಿಯಾಗಿ ಎರಡು ವರ್ಷ ಬಿಟ್ಟು, 2022ರ ಮಾರ್ಚ್ 29ಕ್ಕೆ.

ಇಲ್ಲಿಯವರ ಬಾಯಲ್ಲಿ ಜಾಸ್ತಿ ಕೇಳುವುದು ಹಿರೋಶಿಮಾ ಅಲ್ಲ, "ಪೋಲಿಷ್ ರಿಕ್ವಿಯಮ್" (ಸತ್ತವರಿಗಾಗಿ ಹಾಡುವ ಪ್ರಾರ್ಥನೆ). ಆಫೀಸಿನಲ್ಲಿ ವಯಸ್ಸಾದ ಸಹೋದ್ಯೋಗಿಯೊಬ್ಬರಿಗೆ ನಿಮ್ಮ ಪ್ರಶ್ನೆ ಕೇಳಿದೆ, "ಅವರು ಬದಲಾದದ್ದು ತಪ್ಪಾ?" ಅಂತ. ಅವರು ನಕ್ಕು, ನೀವು 1980ರಲ್ಲಿ ಇಲ್ಲಿ ಇರಬೇಕಿತ್ತು ಅಂದರು.

ರಾತ್ರಿಪಾಳಿ
1980ರಲ್ಲಿ ಏನಾಯಿತು?

ಹಳೇಗ್ರಾಮಫೋನ್
ಅದೇ ಮುಖ್ಯ. 1970ರ ಡಿಸೆಂಬರ್‌ನಲ್ಲಿ ಬಾಲ್ಟಿಕ್ ಕರಾವಳಿಯಲ್ಲಿ ಆಹಾರದ ಬೆಲೆ ಏರಿಕೆ ವಿರೋಧಿಸಿ ಕಾರ್ಮಿಕರು ಬೀದಿಗಿಳಿದಿದ್ದರು. ಸರ್ಕಾರ ಗುಂಡು ಹಾರಿಸಿತು. ಹತ್ತು ವರ್ಷ ಅದರ ಬಗ್ಗೆ ಬಾಯಿ ಬಿಡುವಂತಿರಲಿಲ್ಲ. 1980ರಲ್ಲಿ ಗ್ದಾನ್ಸ್ಕ್ ಹಡಗುಕಟ್ಟೆಯಲ್ಲಿ ಮುಷ್ಕರವಾಗಿ ಸಾಲಿಡಾರಿಟಿ ಕಾರ್ಮಿಕ ಸಂಘಟನೆ ಹುಟ್ಟಿತು. ಸತ್ತವರಿಗೆ ಸ್ಮಾರಕ ಬೇಕು ಅನ್ನುವುದು ಅವರ ಒಂದು ಬೇಡಿಕೆ. ಡಿಸೆಂಬರ್ 16ಕ್ಕೆ ಹಡಗುಕಟ್ಟೆಯ ಗೇಟ್ ಎದುರು ಅದರ ಅನಾವರಣ. ಆ ದಿನಕ್ಕೆ ಒಂದು ಸಂಗೀತ ಬರೆದುಕೊಡಿ ಅಂತ ಸಾಲಿಡಾರಿಟಿ ನಾಯಕ ಲೆಖ್ ವಲೇಸಾ ಕಡೆಯಿಂದ ಪೆಂಡೆರೆಟ್ಸ್ಕಿಗೆ ಕೇಳಿಕೆ ಬಂತು. ಅವರು ಬರೆದದ್ದು "ಲಾಕ್ರಿಮೋಸಾ". ಐದಾರು ನಿಮಿಷದ್ದು. ಒಂದು ಹೆಣ್ಣು ದನಿ, ಗಾಯಕವೃಂದ, ಆರ್ಕೆಸ್ಟ್ರಾ.

ಆ ಚಳಿಯಲ್ಲಿ ನಿಂತ ಜನರಿಗೆ ಕುದುರೆಯ ಆಚೆ ಎಳೆಯುವ ಕಮಾನು ಕೇಳಿಸಬೇಕಿತ್ತಾ? ಅವರಿಗೆ ಅಳಲು ಒಂದು ಹಾಡು ಬೇಕಿತ್ತು.

ಅಲ್ಲಿಂದ ಒಂದೊಂದೇ ಭಾಗ ಸೇರುತ್ತಾ ಹೋಗಿ "ಪೋಲಿಷ್ ರಿಕ್ವಿಯಮ್" ಆಯಿತು. 1981ರಲ್ಲಿ ಪೋಲೆಂಡಿನ ಚರ್ಚ್ ಮುಖ್ಯಸ್ಥ ಕಾರ್ಡಿನಲ್ ವಿಶಿನ್ಸ್ಕಿ ತೀರಿಕೊಂಡಾಗ "ಆಗ್ನುಸ್ ದೇಯಿ", ಬರೀ ಗಾಯಕವೃಂದಕ್ಕೆ. ಆಶ್ವಿಟ್ಜ್‌ನಲ್ಲಿ ಇನ್ನೊಬ್ಬ ಕೈದಿಯ ಬದಲು ತಾನು ಸತ್ತ ಪಾದ್ರಿ ಮಕ್ಸಿಮಿಲಿಯಾನ್ ಕೋಲ್ಬೆಗೆ "ರೆಕೊರ್ದಾರೆ". ಅದರಲ್ಲಿ ಪೋಲೆಂಡಿನ ಹಳ್ಳಿಯವರಿಗೂ ಗೊತ್ತಿರುವ "ಶ್ವೆಂತಿ ಬೊಜೆ" ಎಂಬ ಪ್ರಾರ್ಥನೆ ಬರುತ್ತದೆ. 1984ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ರೊಸ್ತ್ರಪೋವಿಚ್ ರಿಕ್ವಿಯಮ್‌ನ ಮೊದಲ ಪ್ರದರ್ಶನ ನಡೆಸಿಕೊಟ್ಟರು. 1993ರಲ್ಲಿ "ಸಾಂಕ್ತುಸ್" ಸೇರಿತು. 2005ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ತೀರಿಕೊಂಡಾಗ "ಷಾಕೋನ್". 25 ವರ್ಷ ಒಂದೇ ಕೃತಿ ಬೆಳೆದಿದೆ.

ಕೆಂಪುಪೆನ್ನು
"ಲಾಕ್ರಿಮೋಸಾ"ಗೆ ತಲೆ ಬಾಗುತ್ತೇನೆ, ಅದರಲ್ಲಿ ತಕರಾರಿಲ್ಲ. ಆದರೆ ದಿನಾಂಕ ನೋಡಿ. ಕನ್ಚೆರ್ಟೋ 1976ರದ್ದು. ಹಡಗುಕಟ್ಟೆಯ ಮುಷ್ಕರ 1980. ಅಂದರೆ ಜನ ಕೇಳುವ ಮೊದಲೇ ಇವರು ತಿರುಗಿ ಆಗಿತ್ತು. ಇನ್ನೊಂದು ಮಾತು. ಸರ್ಕಾರಿ ಅಕಾಡೆಮಿಗೆ 15 ವರ್ಷ ರೆಕ್ಟರ್, ಮಧ್ಯೆ ಯೇಲ್‌ನಲ್ಲಿ ಪಾಠ, ಪ್ರಪಂಚ ಸುತ್ತಾಟ. ಇನ್ನೊಬ್ಬ ಪೋಲಿಷ್ ಸಂಯೋಜಕ ಲುತೊಸ್ವಾವ್‌ಸ್ಕಿಯನ್ನು ನೋಡಿ. 1981ರ ಡಿಸೆಂಬರ್‌ನಲ್ಲಿ ಸೈನಿಕ ಆಡಳಿತ ಬಂದ ಮೇಲೆ ಸರ್ಕಾರದ ವೇದಿಕೆ ಹತ್ತಲ್ಲ, ಸರ್ಕಾರದ ಗೌರವ ಬೇಡ ಅಂತ ದೂರ ಕೂತರು. ಬೆನ್ನುಮೂಳೆ ಅಂದರೆ ಅದು.

ನಿಂಬೆಹುಳಿ
ಲುತೊಸ್ವಾವ್‌ಸ್ಕಿ ದೊಡ್ಡವರು, ಎರಡು ಮಾತಿಲ್ಲ. ಯುದ್ಧದ ಕಾಲದಲ್ಲಿ ವಾರ್ಸಾದ ಕೆಫೆಗಳಲ್ಲಿ ಗೆಳೆಯ ಪನುಫ್ನಿಕ್ ಜೊತೆ ಪಿಯಾನೋ ನುಡಿಸಿ ಹೊಟ್ಟೆ ಹೊರೆದವರು. ಆಮೇಲೆ ದುಡ್ಡಿಗಾಗಿ "ದೆರ್ವಿದ್" ಅಂತ ಸುಳ್ಳು ಹೆಸರಿನಲ್ಲಿ ಸಿನಿಮಾ ಹಾಡಿನ ಥರದ ಲಘು ಹಾಡುಗಳನ್ನೂ ಬರೆದಿದ್ದಾರೆ. ಆದರೆ ಒಬ್ಬರನ್ನು ಇಟ್ಟು ಇನ್ನೊಬ್ಬರನ್ನು ಹೊಡೆಯುವುದು ಯಾಕೆ? 1966ರಲ್ಲಿ ಕಮ್ಯುನಿಸ್ಟ್ ದೇಶದಲ್ಲಿ ಕೂತು ಯೇಸುವಿನ ಮರಣದ ಮೇಲೆ ಒಂದೂಕಾಲು ಗಂಟೆಯ ಪ್ಯಾಶನ್ ಬರೆಯುವುದು ಸುಲಭವಾ? ಅದೂ ಪಶ್ಚಿಮ ಜರ್ಮನಿಯ ಮ್ಯುನ್‌ಸ್ಟರ್ ಕ್ಯಾಥೆಡ್ರಲ್‌ಗೆ! ಪೋಲೆಂಡ್ ಕ್ರೈಸ್ತ ದೇಶವಾಗಿ ಸಾವಿರ ವರ್ಷ ತುಂಬಿದ್ದೂ ಅದೇ ವರ್ಷ. ಸರ್ಕಾರ ತನ್ನದೇ ಹಬ್ಬ ಮಾಡಿತು, ಚರ್ಚ್ ತನ್ನದೇ ಹಬ್ಬ ಮಾಡಿತು. ಇವರು ಯಾವ ಕಡೆ ನಿಂತರು ಅಂತ ಎಲ್ಲರಿಗೂ ಕಂಡಿತು.

ಬೆಟ್ಟದಹೂವು
ಹೊಸಬಳು, ಒಂದು ಸಣ್ಣ ಪ್ರಶ್ನೆ. ಗುರೆಟ್ಸ್ಕಿ ಅಂತ ಇನ್ನೊಬ್ಬರು ಇದ್ದಾರಲ್ಲ, "ಶೋಕಗೀತೆಗಳ ಸಿಂಫನಿ"? ಅವರೂ ಪೋಲೆಂಡಿನವರೇ ಅಲ್ವಾ? ಅವರೂ ಮೊದಲು ಹೀಗೇ ಗಲಾಟೆ ಬರೆಯುತ್ತಿದ್ದರಂತೆ?

ರೀಲ್_ನಂಬರ್_ಎರಡು
ಹೌದು! ಅವರೂ 1933ರಲ್ಲೇ ಹುಟ್ಟಿದವರು, ಪೆಂಡೆರೆಟ್ಸ್ಕಿಗಿಂತ ಎರಡು ವಾರ ಚಿಕ್ಕವರು. 1960ರಲ್ಲಿ ಅವರ "ಸ್ಕೊಂತ್ರಿ" ಶೋಕಗೀತೆಗಿಂತ ಏನೂ ಕಡಿಮೆ ಗಲಾಟೆ ಅಲ್ಲ. 1976ಕ್ಕೆ ಬಂದರೆ ಮೂರನೇ ಸಿಂಫನಿ, ಪೂರ್ತಿ ನಿಧಾನ, ಒಂದು ಹೆಣ್ಣು ದನಿ. ನಡುವಿನ ಭಾಗದ ಮಾತು ಜಾಕೊಪಾನೆ ಊರಿನ ಗೆಸ್ಟಾಪೊ ಜೈಲಿನ ಗೋಡೆ ಮೇಲೆ 18 ವರ್ಷದ ಹುಡುಗಿಯೊಬ್ಬಳು ಕೆತ್ತಿದ ಪ್ರಾರ್ಥನೆ. 1992ರಲ್ಲಿ ಡಾನ್ ಅಪ್‌ಶಾ ಹಾಡಿದ ರೆಕಾರ್ಡಿಂಗ್ ಬಂದು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಇನ್ನೊಬ್ಬರು ವೊಯ್ಚೆಖ್ ಕಿಲಾರ್, 1932. ಅವರೂ ಮೊದಲು ಅವಾಂತ್ ಗಾರ್ಡ್, ಅಂದರೆ ಹೊಸ ಪ್ರಯೋಗಗಳವರು. 1974ರಲ್ಲಿ "ಕ್ಷೆಸಾನಿ" ಬರೆದು ಬೆಟ್ಟದ ಜನರ ಕುಣಿತಕ್ಕೆ ಹೊರಳಿದರು. ಆಮೇಲೆ ಕೊಪ್ಪೊಲಾನ "ಡ್ರಾಕುಲಾ"ಗೆ ಸಂಗೀತ ಕೊಟ್ಟದ್ದು ಇವರೇ.

ನಿಂಬೆಹುಳಿ
ನೋಡಿ, ಇದನ್ನೇ ಹೇಳಲು ಹೊರಟಿದ್ದೆ. ಒಂದೇ ವಯಸ್ಸಿನ ಮೂವರು, ಎರಡು ಮೂರು ವರ್ಷದ ಅಂತರದಲ್ಲಿ ತಿರುಗುತ್ತಾರೆ. ಒಬ್ಬನ ಹೆದರಿಕೆ, ಒಬ್ಬನ ದುಡ್ಡು ಅಂತ ಇದನ್ನು ವಿವರಿಸಲು ಆಗುತ್ತದಾ? 1956ರಲ್ಲಿ ಕರ್ಕಶ ಬರೆದರೆ ಸರ್ಕಾರಕ್ಕೆ ಎದುರು. 1970 ದಾಟುವಷ್ಟರಲ್ಲಿ ಸರ್ಕಾರಕ್ಕೇ ಅದು ಹೆಮ್ಮೆಯ ವಿಷಯ, "ನೋಡಿ ನಮ್ಮಲ್ಲಿ ಎಷ್ಟು ಸ್ವಾತಂತ್ರ್ಯ" ಅಂತ ಪಶ್ಚಿಮದವರಿಗೆ ತೋರಿಸಲು. ಆಗ ನಿಜವಾಗಿ ಎದುರು ನಿಲ್ಲುವುದು ಯಾವುದು? ಪ್ರಾರ್ಥನೆ, ಜನಪದ ಹಾಡು, ಸತ್ತವರ ಹೆಸರು.

ಕೆಂಪುಪೆನ್ನು
ಇದು ಒಳ್ಳೆ ವಾದ. ಯೋಚಿಸಬೇಕಾದ್ದೇ. ಆದರೆ ಕಾರಣ ಒಳ್ಳೆಯದಿದ್ದ ಮಾತ್ರಕ್ಕೆ ಸಂಗೀತ ಒಳ್ಳೆಯದಾಗಲ್ಲ. ಗುರೆಟ್ಸ್ಕಿ ತಿರುಗಿದ ಮೇಲೂ ಗುರೆಟ್ಸ್ಕಿಯೇ. ಪೆಂಡೆರೆಟ್ಸ್ಕಿ ತಿರುಗಿ ಬೇರೆಯವರ ಕೋಟು ಹಾಕಿಕೊಂಡರು.

ರೀಲ್_ನಂಬರ್_ಎರಡು
ಅದೇ ಕೋಟಿನ ಮೂರನೇ ಸಿಂಫನಿಯ "ಪಾಸಕಾಲಿಯಾ" ಭಾಗವನ್ನು ಸ್ಕೋರ್ಸೆಸಿ 2010ರಲ್ಲಿ "ಶಟರ್ ಐಲ್ಯಾಂಡ್"ಗೆ ತಗೊಂಡರು. ಒಂದೇ ಸ್ವರ ಕೆಳಗೆ ಗುದ್ದುತ್ತಲೇ ಇರುತ್ತದೆ. ಹೆದರಿಕೆ 1960ಕ್ಕೆ ಮುಗಿದಿರಲಿಲ್ಲ ಅಣ್ಣ.

ಟ್ರ್ಯಾಕ್ಟರ್_ಶಿವು
ಸುಮ್ನೆ ಓದುತ್ತಿದ್ದೆ. ಮೊದಲನೇ ಸಿಂಫನಿ ಬಗ್ಗೆ ಹುಡುಕಿದರೆ "ಪರ್ಕಿನ್ಸ್ ಎಂಜಿನ್ಸ್" ಬರೆಸಿದ್ದು ಅಂತ ಇದೆ. ಇದು ಮ್ಯಾಸಿ ಟ್ರ್ಯಾಕ್ಟರ್ ಎಂಜಿನ್‌ನ ಪರ್ಕಿನ್ಸಾ? ತಮಾಷೆ ಅಲ್ಲ, ನಿಜಕ್ಕೂ ಕೇಳುತ್ತಿದ್ದೇನೆ.

ಹಳೇಗ್ರಾಮಫೋನ್
ಅದೇ ಪರ್ಕಿನ್ಸ್! ಇಂಗ್ಲೆಂಡಿನ ಪೀಟರ್‌ಬರೋ ಊರಿನ ಡೀಸೆಲ್ ಎಂಜಿನ್ ಕಂಪನಿ. 1973ರಲ್ಲಿ ಅಲ್ಲಿಯ ಕ್ಯಾಥೆಡ್ರಲ್‌ನಲ್ಲೇ ಮೊದಲ ಪ್ರದರ್ಶನ. ಹಳೆ ಶೈಲಿಗೆ ಒಂಥರಾ ವಿದಾಯ ಅದು. ಚಾಟಿ ಹೊಡೆಯುವ ಸದ್ದಿನಿಂದ ಶುರುವಾಗುತ್ತದೆ.

ಟ್ರ್ಯಾಕ್ಟರ್_ಶಿವು
ಅಪ್ಪನ 1035 ಬೆಳಿಗ್ಗೆ ಚಳಿಯಲ್ಲಿ ಸ್ಟಾರ್ಟ್ ಆಗುವಾಗ ಬರುವ ಸದ್ದಿಗೆ ಈಗ ಗೌರವ ಬಂತು. ಅದರಲ್ಲಿರುವುದು ಸಿಂಪ್ಸನ್ ಎಂಜಿನ್. ಚೆನ್ನೈನ ಸಿಂಪ್ಸನ್‌ನವರು ಪರ್ಕಿನ್ಸ್ ಲೈಸೆನ್ಸ್ ಮೇಲೆ ಮಾಡಲು ಶುರು ಮಾಡಿದ್ದು.

ಬೆಟ್ಟದಹೂವು
1035 ಡೀಸೆಲ್ ಎಷ್ಟು ಕುಡಿಯುತ್ತದೆ ಈಗ? ನಮ್ಮ ಮಾವ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದಾರೆ.

ಜಗಲಿಕಾವಲು (ನಿರ್ವಾಹಕ)
ಟ್ರ್ಯಾಕ್ಟರ್ ಮಾತಿಗೆ ಕೃಷಿ ವಿಭಾಗ ಇದೆ, ದಯವಿಟ್ಟು ಅಲ್ಲಿ.

ಹಳೇಗ್ರಾಮಫೋನ್
ವಿಷಯ ತಪ್ಪುವುದೇ ಆದರೆ ನಂದೂ ಒಂದು ಇರಲಿ. ಕಂಪನಿ ದುಡ್ಡು ಕೊಟ್ಟು ಸಂಗೀತ ಬರೆಸುವುದು ಅಂದರೆ ಮೂಗು ಮುರಿಯಬೇಡಿ. ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ರಷ್ಯಾದ ಸಂಯೋಜಕ ಮೆಟ್ನರ್‌ನ ಕೃತಿಗಳನ್ನು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿಸಿದರು. ಆತ ತನ್ನ ಮೂರನೇ ಪಿಯಾನೋ ಕನ್ಚೆರ್ಟೋವನ್ನು ಮಹಾರಾಜರಿಗೇ ಅರ್ಪಿಸಿದ. ಪೋಷಕರು ಇಲ್ಲದಿದ್ದರೆ ಎಷ್ಟೋ ಸಂಗೀತ ಡ್ರಾಯರ್‌ನಲ್ಲೇ ಇರುತ್ತಿತ್ತು.

ರಾತ್ರಿಪಾಳಿ
ಅಬ್ಬಾ, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಕ್ರಿಸ್ಮಸ್ ಸಿಂಫನಿಯ ಮೊದಲ ಪ್ರದರ್ಶನ ನಡೆಸಿದ್ದು ನಮ್ಮ ಜುಬಿನ್ ಮೆಹ್ತಾ ಅಂತ ಈಗ ಓದಿದೆ. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್, 1980ರ ಮೇ. ಮೇ ತಿಂಗಳಲ್ಲಿ ಕ್ರಿಸ್ಮಸ್!

ಟ್ರ್ಯಾಮ್_ನಂಬರ್_ಎಂಟು
ಇಲ್ಲಿಗೆ ಬಂದರೆ ಲುಸ್ವಾವಿತ್ಸೆ ನೋಡಿ. ತಾರ್ನುಫ್ ಹತ್ತಿರದ ಹಳ್ಳಿ. 1970ರ ದಶಕದಲ್ಲಿ ಪಾಳುಬಿದ್ದ ಒಂದು ಜಮೀನ್ದಾರಿ ಮನೆ ಕೊಂಡು ಸುತ್ತ ಗಿಡ ನೆಡಲು ಶುರು ಮಾಡಿದರು. ಈಗ ಸಾವಿರಕ್ಕೂ ಜಾಸ್ತಿ ಜಾತಿಯ ಮರಗಿಡ. ಬೇಲಿಗಿಡಗಳಿಂದ ಮಾಡಿದ ಚಕ್ರವ್ಯೂಹವೂ ಇದೆ. ಪಕ್ಕದಲ್ಲೇ 2013ರಲ್ಲಿ ಯುವ ಸಂಗೀತಗಾರರಿಗೆ ಅವರ ಹೆಸರಿನ ಕೇಂದ್ರ ತೆರೆದರು. ಅಲ್ಲಿಯ ಸಭಾಂಗಣದಲ್ಲಿ ಕಚೇರಿ ಕೇಳಿದೆ. ಸೂಜಿ ಬಿದ್ದರೂ ಕೇಳುತ್ತದೆ.

ಕಮಾನುಕಡ್ಡಿ
ಎಂಟನೇ ಸಿಂಫನಿ ಅದೇ ಮರಗಳದ್ದು! 2005. ಮರಗಳ ಮೇಲೆ, ಎಲೆ ಉದುರುವುದರ ಮೇಲೆ ಜರ್ಮನ್ ಕವಿಗಳು ಬರೆದ ಪದ್ಯಗಳು, ಹಾಡುವವರ ಜೊತೆ. ಕೆಂಪುಪೆನ್ನು ಸರ್, ಇದನ್ನು ಕೇಳಿ ಆಮೇಲೆ ಕೋಟಿನ ಮಾತಾಡಿ.

ಕೆಂಪುಪೆನ್ನು
ಕೇಳಿದ್ದೇನೆ ಮೇಡಂ. ಚಂದ ಇದೆ. ಚಂದ ಇದೆ ಅನ್ನುವುದೇ ನನ್ನ ದೂರು.

ಬೆಟ್ಟದಹೂವು
ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ನೇರ ಶೋಕಗೀತೆ ಹಾಕಿದರೆ ಮನೆಯವರು ಹೊರಗೆ ಹಾಕುತ್ತಾರೆ.

ನಿಂಬೆಹುಳಿ
ಮೊದಲು "ಆಗ್ನುಸ್ ದೇಯಿ". ಎಂಟು ನಿಮಿಷ, ಬರೀ ಮನುಷ್ಯರ ದನಿ. ಹಿಡಿಸಿದರೆ "ಲಾಕ್ರಿಮೋಸಾ". ಆಮೇಲೆ ಲೂಕನ ಪ್ಯಾಶನ್, ಅದರಲ್ಲಿ ಎರಡೂ ಪೆಂಡೆರೆಟ್ಸ್ಕಿ ಇದ್ದಾರೆ. ಶೋಕಗೀತೆ ಹೆಡ್‌ಫೋನ್‌ನಲ್ಲಿ, ಹಗಲು ಹೊತ್ತು.

ಕೆಂಪುಪೆನ್ನು
ನಾನು ಉಲ್ಟಾ ಹೇಳುತ್ತೇನೆ. ಶೋಕಗೀತೆ, ಮರುದಿನವೇ "ಪಾಲಿಮಾರ್ಫಿಯಾ", ಆಮೇಲೆ ಪ್ಯಾಶನ್. ಅಲ್ಲಿಗೆ ನಿಲ್ಲಿಸಿ.

ಟ್ರ್ಯಾಕ್ಟರ್_ಶಿವು
ಸಿಂಫನಿಗಳನ್ನು ನಂಬರ್ ಪ್ರಕಾರ ಕೇಳಿದರೆ ಬೆಳವಣಿಗೆ ಗೊತ್ತಾಗುತ್ತದಾ?

ರೀಲ್_ನಂಬರ್_ಎರಡು
ಆಗಲ್ಲ ಶಿವು. ಒಟ್ಟು ಎಂಟು. ಏಳನೆಯದು 1990ರ ದಶಕದ್ದು, ಎಂಟನೆಯದು 2005, ಆರನೆಯದು ಬಂದದ್ದು ಎಲ್ಲಕ್ಕಿಂತ ಕೊನೆಗೆ, 2017ರಲ್ಲಿ. ಚೀನೀ ಕವಿತೆಗಳ ಮೇಲೆ. ಮೂರನೆಯದರ ಒಂದು ಭಾಗ 1988ರದ್ದು, ಪೂರ್ತಿಯಾದದ್ದು 1995. ಅಷ್ಟರಲ್ಲಿ ನಾಲ್ಕು, ಐದು ಎರಡೂ ಬಂದು ಆಗಿತ್ತು.

ಕಾಫಿಪುಡಿ
ನಮ್ಮ ಬಿಎಂಟಿಸಿ ಟೈಮ್ ಟೇಬಲ್ ಮಾಡಿದವರು ಇವರೇ ಇರಬೇಕು.

ಕೆಂಪುಪೆನ್ನು
ಕಾಫಿಪುಡಿ, ಇಡೀ ಚರ್ಚೆಯಲ್ಲಿ ನೀವು ಒಂದು ಕೃತಿಯನ್ನಾದರೂ ಕೇಳಿದಿರಾ?

ಕಾಫಿಪುಡಿ
"ಪಾಲಿಮಾರ್ಫಿಯಾ" ಹಾಕಿದ್ದೇನೆ ಸರ್, ಏಳನೇ ನಿಮಿಷದಲ್ಲಿದ್ದೇನೆ. ಪಕ್ಕದ ಮನೆಯವರು ಬಂದು ಮಿಕ್ಸಿ ಕೆಟ್ಟಿದೆಯಾ ಅಂತ ಕೇಳಿ ಹೋದರು. ಆ ಸಿ ಮೇಜರ್ ಇನ್ನೂ ಬಂದಿಲ್ಲ.